ಸಾಲಿಂ ಪಾಲಿನ ಸಾಕೆ

ನನಗೆ ಗೊತ್ತಿಲ್ಲದ ಸಂಗತಿಗಳನ್ನು, ಅವು ಚೆನ್ನಾಗಿ ಗೊತ್ತಿರುವವರ ಎದುರಿಗೇ ನಿಂತು ವಿವರಿಸುವ ಒಂದು ಚಾಳಿ ನನಗಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನನ್ನು ಹತ್ತು ನಿಮಿಷ ಬಲ್ಲವರಿಗೂ ಇದು ತಿಳಿದುಬಿಡುತ್ತದೆ. ಓಮಾನಿನ ಸೂರ್ ಎಂಬ ಕಡಲೂರಿಗೆ ನೌಕರಿಗೆಂದು ಬಂದ ಮೊದಲ ತಿಂಗಳಲ್ಲೇ, ಅಲ್ಲಿನ ದಂಡೆಯ ಮೇಲೆ ಐವತ್ತು ವರ್ಷದಿಂದ ಮರದ ಹಾಯಿಹಡಗು ಕಟ್ಟುತ್ತಿದ್ದ ಮುದುಕರೊಬ್ಬರಿಗೆ ಹಲಗೆಯನ್ನು ಹೇಗೆ ಬಾಗಿಸಬೇಕೆಂದು ಹೇಳಿಕೊಟ್ಟವನು ನಾನು. ನಾನು ಮೈಸೂರಿನವನು. ಅಲ್ಲಿಯವರೆಗೆ ದಿನನಿತ್ಯ ಕಂಡ ಅತಿದೊಡ್ಡ ಜಲರಾಶಿ ಎಂದರೆ ಕುಕ್ಕರಹಳ್ಳಿ ಕೆರೆ. ಮುದುಕರು ತಾಳ್ಮೆಯಿಂದ ಕೇಳಿಸಿಕೊಂಡು, ಖರ್ಜೂರ ಕೊಟ್ಟು, ಕಹ್ವಾ ಎಂಬ ಅರಬ್ಬಿ ಕಾಫಿ ಕುಡಿಸಿ ಕಳಿಸಿದರು. ಅವರು ನನ್ನ ಸಹೋದ್ಯೋಗಿ ಸಾಲಿಂನ ತಂದೆ ಎಂಬುದು ಮರುದಿನ ಆಫೀಸಿನಲ್ಲಿ ಗೊತ್ತಾಯಿತು.

"ಗೊತ್ತಿರೋದನ್ನ ಮಾತ್ರ ಮಾತಾಡ್ತೀನಿ ಅಂತ ಒಂದು ವ್ರತ ಹಿಡೀರಿ. ಮನೆ ಎಷ್ಟು ನಿಶ್ಶಬ್ದವಾಗಿರತ್ತೆ" ಎಂದು ನನ್ನ ಹೆಂಡತಿ ವಸುಧಾ ಆಗಾಗ ಹೇಳುತ್ತಾಳೆ. 

ಇಂಥ ನನ್ನನ್ನು ಜಪಾನಿಗೆ ಕಳಿಸುವ ಬುದ್ಧಿ ಯಾರಿಗೆ ಬಂತೋ ತಿಳಿಯದು. ಅದು ಎರಡು ಸಾವಿರದ ದಶಕದ ನಡುಭಾಗ. ಸೂರಿನಿಂದ ಮಸ್ಕತ್ತಿಗೆ ಕಡಲ ಪಕ್ಕದ ಹೆದ್ದಾರಿ ಇನ್ನೂ ಆಗಿರಲಿಲ್ಲ. ಬೆಟ್ಟಗಳನ್ನು ಬಳಸಿಕೊಂಡು ಒಳನಾಡಿನಲ್ಲಿ ಹೋಗಬೇಕಿತ್ತು. ಊರಾಚೆಯ ಅನಿಲ ಸ್ಥಾವರದಲ್ಲಿ ನಾನು ದುರಸ್ತಿ ಕೆಲಸಗಳ ಪಟ್ಟಿ ಬರೆಯುವ ಎಂಜಿನಿಯರ್. ಆ ಪಟ್ಟಿಯನ್ನು ಹಿಡಿದು ನಿಜವಾಗಿ ಕೆಲಸ ಮಾಡಿಸುವ ಸೂಪರ್‌ವೈಸರ್ ಸಾಲಿಂ. ನನಗಿಂತ ಏಳೆಂಟು ವರ್ಷ ಚಿಕ್ಕವನು, ಎತ್ತರದ ಆಳು, ಮಾತು ಕಡಿಮೆ. ಸ್ಥಾವರಕ್ಕೆ ಜಪಾನಿನಿಂದ ಒಂದು ದೊಡ್ಡ ಯಂತ್ರ ಬರುವುದಿತ್ತು; ಅದನ್ನು ಹಡಗಿಗೆ ಹತ್ತಿಸುವ ಮೊದಲು ಪರೀಕ್ಷೆ ಮಾಡಿ ಬರಲು ನಮ್ಮಿಬ್ಬರನ್ನು ಹತ್ತು ದಿನದ ಮಟ್ಟಿಗೆ ಕಳಿಸಿದರು. ಹೊರಡುವ ಹಿಂದಿನ ವಾರ ಮಸ್ಕತ್ತಿನ ಮತ್ರಾ ಪೇಟೆಯ ಓಣಿಯೊಂದರ ಅಂಗಡಿಯಲ್ಲಿ, ಅತ್ತರು ಬಾಟಲಿಗಳ ಹಿಂದೆ, ಜಪಾನಿ ಶಿಷ್ಟಾಚಾರ ಕುರಿತ ತೆಳ್ಳನೆಯ ಹಳೇ ಪುಸ್ತಕವೊಂದು ನನ್ನ ಕಣ್ಣಿಗೆ ಬಿತ್ತು. ಅರ್ಧ ಓದಿದೆ. ನನ್ನಂಥವನಿಗೆ ಪೂರ್ತಿ ಓದಿದ ಪುಸ್ತಕದಿಂದ ಅಪಾಯವಿಲ್ಲ, ಅರ್ಧ ಓದಿದ್ದರಿಂದಲೇ.

ಐದು ದಿನ ಯಂತ್ರ ನೋಡಿದೆವು. ಆರನೆಯ ದಿನ ಶನಿವಾರ, ರಜೆ. ಆತಿಥೇಯರು ನಮಗಾಗಿ ಅರ್ಧ ದಿನದ ಪ್ರವಾಸವೊಂದನ್ನು ಏರ್ಪಡಿಸಿದ್ದರು: ಬೆಳಿಗ್ಗೆ ಒಂದು ಶಿಂಟೋ ದೇಗುಲ, ಅದರ ಪಕ್ಕದಲ್ಲೇ ಅಕ್ಕಿಯ ಮದ್ಯವಾದ ಸಾಕೆ ತಯಾರಿಸುವ ಹಳೆಯ ಮನೆತನದ ಭಟ್ಟಿ, ಅಲ್ಲಿ ರುಚಿ ನೋಡುವ ಕಾರ್ಯಕ್ರಮ, ಮಧ್ಯಾಹ್ನ ವಾಪಸು. ಮಾರ್ಗದರ್ಶಿಯಾಗಿ ಬಂದವರು ಹಾರುಕೊ-ಸಾನ್; ನಮ್ಮ 'ಅವರೇ' ಇದ್ದಂತೆ ಜಪಾನಿನಲ್ಲಿ ಹೆಸರಿಗೆ 'ಸಾನ್' ಸೇರಿಸುತ್ತಾರೆ. ಅರವತ್ತು ದಾಟಿದ, ಇಂಗ್ಲಿಷ್ ಬಲ್ಲ ಪುಟ್ಟ ಹೆಂಗಸು. ಇದ್ದವರು ನಾವಿಬ್ಬರೇ ಆದರೂ, ನಾವು ಕಳೆದುಹೋಗದಿರಲೆಂದು ಕೈಯಲ್ಲೊಂದು ಹಳದಿ ಬಾವುಟ ಎತ್ತಿ ಹಿಡಿದೇ ನಡೆದರು. ನನ್ನನ್ನು ನೋಡಿದೊಡನೆ ಅವರಿಗೆ ಏನೋ ಹೊಳೆದಿರಬೇಕು.

ವ್ಯಾನಿನಲ್ಲಿ ಅವರು ಮಾತು ಶುರುಮಾಡುವ ಮೊದಲೇ ನಾನು ಸಾಲಿಂಗೆ ಶಿಂಟೋ ಧರ್ಮವನ್ನು ವಿವರಿಸಲು ತೊಡಗಿದ್ದೆ. ನಾವಿಬ್ಬರೂ ಆಡುತ್ತಿದ್ದುದು ಗಲ್ಫಿನ ಹಿಂದಿ. ಅದರಲ್ಲಿ ಲಿಂಗ, ವಚನ, ಕಾಲ ಯಾವುದರ ಕಾಟವೂ ಇಲ್ಲ. "ನೋಡು ಸಾಲಿಂ, ಇದೆಲ್ಲ ನಮ್ಮ ಕಡೆಯ ದೇವಸ್ಥಾನದ ಹಾಗೇ. ನನಗೆ ಹೊಸದಲ್ಲ. ನಾನು ಮಾಡಿದ್ದನ್ನ ನೋಡ್ಕೊಂಡು ಮಾಡು, ಸಾಕು."

"ನಾನು ಪೂಜೆ ಮಾಡೋದಿಲ್ಲ, ಭಾಯ್. ಹೊರಗೆ ನಿಂತಿರ್ತೀನಿ" ಎಂದ ಸಾಲಿಂ.

"ಅದು ಸರಿ. ಆದ್ರೂ ಮರ್ಯಾದೆ ಅಂತ ಒಂದಿರತ್ತಲ್ಲ" ಎಂದೆ, ಮರ್ಯಾದೆಯ ಏಜೆನ್ಸಿ ನನಗೇ ಸಿಕ್ಕಿದೆಯೆಂಬಂತೆ.

ಕೆಂಪು ಬಣ್ಣದ ಎತ್ತರದ ಮರದ ಕಮಾನು ದಾಟಿ ಒಳಗೆ ಹೋದೆವು. ಕಲ್ಲುಹಾಸಿನ ದಾರಿಯ ನಟ್ಟನಡುವೆ, ಮೈಸೂರಿನ ದಸರಾ ಆನೆಯ ಗತ್ತಿನಲ್ಲಿ ನಾನು ಹೆಜ್ಜೆ ಹಾಕಿದೆ. ಹಾರುಕೊ-ಸಾನ್ ಮೆಲ್ಲಗೆ ನನ್ನ ತೋಳಿನ ಬಳಿ ಬಾವುಟ ಆಡಿಸಿ, "ನಡುದಾರಿ ದೇವರದು. ನಾವು ಅಂಚಿನಲ್ಲಿ ನಡೆಯುತ್ತೇವೆ" ಎಂದರು. ತಿರುಗಿ ನೋಡಿದರೆ ಸಾಲಿಂ ಮೊದಲಿನಿಂದಲೂ ಅಂಚಿನಲ್ಲೇ ಬರುತ್ತಿದ್ದ. ಪರರ ಮನೆಯಂಗಳದಲ್ಲಿ ಬದಿಗೆ ಸರಿದು ನಡೆಯಬೇಕೆಂದು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಮುಂದೆ ಒಂದು ಕಲ್ಲಿನ ತೊಟ್ಟಿ. ಬಿದಿರಿನ ಕೊಳವೆಯಿಂದ ತಣ್ಣನೆಯ ನೀರು ಸುರಿಯುತ್ತಿತ್ತು, ಉದ್ದ ಹಿಡಿಯ ಸೌಟುಗಳನ್ನು ಸಾಲಾಗಿ ಇಟ್ಟಿದ್ದರು. ನನಗೆ ಅರ್ಥವಾಗದ್ದೇನಿದೆ? ತೀರ್ಥ! ಬಲಗೈಯನ್ನು ಗೋಕರ್ಣಾಕಾರ ಮಾಡಿ, ಸೌಟಿನಿಂದ ನೀರು ಬಿಟ್ಟುಕೊಂಡು, ಸದ್ದಾಗದಂತೆ ಮೂರು ಸಲ ಕುಡಿದೆ. ಒದ್ದೆ ಅಂಗೈಯನ್ನು ನೆತ್ತಿಗೆ ಸವರಿಕೊಂಡೆ. ಕಣ್ಣು ಮುಚ್ಚಿ ಒಂದು ಶ್ಲೋಕವನ್ನೂ ಗುನುಗಿದೆ. ಕಣ್ಣು ತೆರೆದಾಗ ನನ್ನ ಹಿಂದೆ ಸರದಿಯಲ್ಲಿದ್ದ ಒಂದು ಇಡೀ ಜಪಾನಿ ಕುಟುಂಬ ನನ್ನ ಆರೋಗ್ಯದ ಬಗ್ಗೆ ಚಿಂತಿತವಾಗಿ ನಿಂತಿತ್ತು.

"ಇದು ಕುಡಿಯುವುದಕ್ಕಲ್ಲ. ತೊಳೆದುಕೊಳ್ಳುವುದಕ್ಕೆ. ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ಮುಕ್ಕಳಿಸಿ..." ಎಂದು ಹಾರುಕೊ-ಸಾನ್ ಹೇಳುವಷ್ಟರಲ್ಲಿ ಸಾಲಿಂ ಕೋಟಿನ ತೋಳು ಮೇಲೇರಿಸಿ ಒಂದು ಹನಿ ಆಚೀಚೆ ಚೆಲ್ಲದಂತೆ ಕೈ ತೊಳೆದು, ಬಾಯಿ ಮುಕ್ಕಳಿಸಿ, ಬದಿಯ ಕಾಲುವೆಗೆ ಉಗಿದು, ಸೌಟನ್ನು ನೆಟ್ಟಗೆ ಎತ್ತಿ ಹಿಡಿಯನ್ನೂ ತೊಳೆದು ಇದ್ದಲ್ಲೇ ಇಟ್ಟಿದ್ದ. ಸರದಿಯಲ್ಲಿದ್ದ ಕುಟುಂಬದ ಅಜ್ಜಿ ಅವನಿಗೆ ತಲೆಬಾಗಿಸಿದರು.

"ನಿನಗೆ ಯಾರು ಹೇಳಿಕೊಟ್ರು?" ಎಂದು ಕೇಳಿದೆ.

"ದಿನಕ್ಕೆ ಐದು ಸಲ ಕೈಬಾಯಿ ತೊಳೀತೀನಲ್ಲ ಭಾಯ್. ನೀರು ಎಲ್ಲಾ ಕಡೆ ನೀರೇ" ಎಂದ.

ಅವನು ಹೇಳಿದ ಹಾಗೆಯೇ ದೇಗುಲದ ಹೊರಗೆ, ಪೈನ್ ಮರವೊಂದರ ಕೆಳಗೆ, ಕೈಕಟ್ಟಿ ನಿಂತ. ನಾನು ಒಳಗೆ ಹೋಗಿ ಎರಡು ಸಲ ಬಾಗಬೇಕಾದಲ್ಲಿ ಮೂರು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಬೇಕಾದಲ್ಲಿ ಭಜನೆಯ ಲಯ ಹಿಡಿದು ಏಳೆಂಟು ತಟ್ಟಿ, ಪ್ರದಕ್ಷಿಣೆಗೆ ದಾರಿ ಹುಡುಕುತ್ತ ಅರ್ಚಕರ ಅಡುಗೆಮನೆಗೆ ಹೋಗಿ ಬಂದೆ. ದೇವರು ಎಲ್ಲಿಯವನಾದರೂ ದೊಡ್ಡವನು. ಒಂದೂ ಮಾತಾಡಲಿಲ್ಲ.

ಇನ್ನು ಸಾಕೆಯ ವಿಷಯ. ನಾನು ಕುಡಿಯುವವನಲ್ಲ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಓಮಾನಿನಲ್ಲಿ ನಮ್ಮಂಥ ಪರದೇಶದವರು ಮದ್ಯ ಕೊಳ್ಳಬೇಕಾದರೆ ಪರ್ಮಿಟ್ ಮಾಡಿಸಬೇಕು. ಅರ್ಜಿ ತುಂಬಲಾರದ ಸೋಮಾರಿತನವೊಂದೇ ನನ್ನನ್ನು ಸದ್ಗೃಹಸ್ಥನಾಗಿ ಉಳಿಸಿತ್ತು. ಆದರೆ ನನ್ನ ಅರ್ಧ ಓದಿದ ಪುಸ್ತಕದಲ್ಲಿ ಒಂದು ವಾಕ್ಯವಿತ್ತು, ಅಥವಾ ಇತ್ತೆಂದು ನನಗೆ ನೆನಪು: ಸುರಿದುಕೊಟ್ಟ ಬಟ್ಟಲನ್ನು ಹಾಗೇ ಬಿಡುವುದು ಜಪಾನಿನಲ್ಲಿ ಆತಿಥೇಯರಿಗೆ ಅವಮಾನ.

ಭಟ್ಟಿಮನೆಯಲ್ಲಿ ಅಕ್ಕಿ ತೊಳೆಯುವ, ಬೇಯಿಸುವ, ಹುದುಗಿಸುವ ಕೋಣೆಗಳನ್ನೆಲ್ಲ ತೋರಿಸಿದ ಮೇಲೆ ಒಂದು ತಗ್ಗು ಮೇಜಿನ ಮುಂದೆ ಕೂರಿಸಿದರು. ಎಪ್ಪತ್ತರ ಆಸುಪಾಸಿನ ಯಜಮಾನರು ನನ್ನ ಮುಂದೆ ಆರು, ಸಾಲಿಂ ಮುಂದೆ ಆರು ಪುಟ್ಟ ಬಟ್ಟಲಿಟ್ಟು ಆರು ಬಗೆಯ ಸಾಕೆ ಸುರಿದರು. ಹಾರುಕೊ-ಸಾನ್ ತಟ್ಟನೆ, "ಸಾಲಿಂ-ಸಾನ್‌ಗೆ ಚಹಾ..." ಎಂದು ಏನೋ ಹೇಳಹೊರಟರು. ನಾನು ಕೈ ಎತ್ತಿ ತಡೆದೆ.

"ಚಿಂತೆ ಬೇಡ. ಅವನ ಪಾಲಿನದು ನಾನು ನೋಡಿಕೊಳ್ಳುತ್ತೇನೆ."

"ಭಾಯ್, ನನಗೆ ಬೇಡ ಅಂದ್ರೆ ಮುಗೀತಲ್ಲ?" ಎಂದು ಸಾಲಿಂ ಪಿಸುಗುಟ್ಟಿದ.

"ನಿನಗೆ ಇವರ ಪದ್ಧತಿ ಗೊತ್ತಿಲ್ಲ. ಸುಮ್ನಿರು. ದೇಶದ ಮಾನದ ಪ್ರಶ್ನೆ."

ಯಾವ ದೇಶದ ಮಾನ ಎಂದು ಅವನು ಕೇಳಲಿಲ್ಲ. ನಾನು ನನ್ನ ಆರನ್ನು ಮುಗಿಸಿದೆ. ಮೊದಲನೆಯದು ಗಂಜಿನೀರಿನಂತೆ, ಎರಡನೆಯದು ಬಾಳೆಹಣ್ಣು ಕೊಳೆತ ಗಂಜಿನೀರಿನಂತೆ ಇತ್ತು. ಮೂರನೆಯದರಿಂದ ಮುಂದೆ ಎಲ್ಲವೂ ಒಳ್ಳೆಯ ಗಂಜಿನೀರೇ. ಸಾಲಿಂ ಪಾಲಿನ ಆರನ್ನೂ ಮುಗಿಸಿದೆ. ಬಟ್ಟಲು ಕೆಳಗಿಟ್ಟು ನೋಡಿದರೆ ನನ್ನ ಮುಂದಿನ ಆರೂ ಮತ್ತೆ ತುಂಬಿವೆ! ಯಜಮಾನರು ಮುಖವರಳಿಸಿ ತಲೆಬಾಗಿಸಿದರು. ನಾನೂ ಬಾಗಿಸಿ ಮತ್ತೆ ಖಾಲಿ ಮಾಡತೊಡಗಿದೆ. ಅವರು ಮತ್ತೆ ಸುರಿದರು.

ನಮ್ಮಲ್ಲಿ ಊಟಕ್ಕೆ ಕೂತಾಗ ಬಡಿಸಲು ಬಂದವರನ್ನು ತಡೆಯಬೇಕಾದರೆ ಎಲೆಯ ಮೇಲೆ ಅಡ್ಡ ಬೀಳುತ್ತೇವೆ. ಓಮಾನಿನಲ್ಲಿ ಕಹ್ವಾ ಸಾಕೆನ್ನಲು ಪುಟ್ಟ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಾಡಿಸಬೇಕು. ಅಲುಗಾಡಿಸದವನಿಗೆ ಸುರಿಯುತ್ತಲೇ ಇರುತ್ತಾರೆ. ಈ ಸಂಜ್ಞೆ ತಿಳಿಯದೆ ನಾನು ಸೂರಿನ ಮೊದಲ ದಿನಗಳಲ್ಲಿ ಹದಿನಾಲ್ಕು ಬಟ್ಟಲು ಕಹ್ವಾ ಕುಡಿದು ಎರಡು ದಿನ ನಿದ್ದೆಗೆಟ್ಟಿದ್ದುಂಟು. "ಅಲ್ಲಾಡಿಸು ಭಾಯ್, ಬಟ್ಟಲು ಅಲ್ಲಾಡಿಸು!" ಎಂದು ಸಾಲಿಂ ಈಗ ಪಕ್ಕದಿಂದ ಹೇಳುತ್ತಿದ್ದ. ಅಲ್ಲಾಡಿಸಿದೆ. ಯಜಮಾನರು ಅದನ್ನು ಆನಂದದ ಕುರುಹೆಂದು ತಿಳಿದು ದೊಡ್ಡ ಬಾಟಲಿ ತರಿಸಿದರು. ಆ ಪಾನೀಯದ ಹೆಸರೇ ಕನ್ನಡದಲ್ಲಿ ಪದೇ ಪದೇ 'ಸಾಕೆ? ಸಾಕೆ?' ಎಂದು ಕೇಳುತ್ತಿತ್ತು. 'ಸಾಕು' ಎನ್ನುವಷ್ಟು ಕನ್ನಡ ಹೊತ್ತಿಗೆ ಒದಗಲಿಲ್ಲ.

ಕೊನೆಗೆ ಹಾರುಕೊ-ಸಾನ್ ಬಾವುಟವನ್ನು ಮೇಜಿನ ಮೇಲೆ ಅಡ್ಡ ಇಟ್ಟರು. "ಕ್ಷಮಿಸಿ. ನಮ್ಮಲ್ಲಿ ಬಟ್ಟಲು ಖಾಲಿಯಾದರೆ ಇನ್ನೂ ಬೇಕು ಎಂದರ್ಥ. ಬೇಡವಾದರೆ ತುಂಬಿದ್ದನ್ನು ಹಾಗೇ ಬಿಡಬೇಕು. ಸಾಲಿಂ-ಸಾನ್ ತಾವು ಕುಡಿಯುವುದಿಲ್ಲವೆಂದು ನನಗೆ ಮೊದಲೇ ತಿಳಿಸಿದ್ದರು. ಅವರಿಗೆ ಬಾರ್ಲಿ ಚಹಾ ಅಲ್ಲಿ ಇದೆ." ನೋಡಿದರೆ, ಸಾಲಿಂ ಮೊಣಕೈ ಬಳಿ ಹಬೆಯಾಡುವ ಒಂದು ಲೋಟ ಚಹಾ ಅದಾಗಲೇ ಅರ್ಧ ಮುಗಿದಿತ್ತು.

ವ್ಯಾನು ಬರಲು ಇನ್ನೂ ಅರ್ಧ ಗಂಟೆಯಿತ್ತು. ನನ್ನನ್ನು ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಹೊತ್ತು ಮಧ್ಯಾಹ್ನ ದಾಟಿತ್ತು. ಸಾಲಿಂ ಕೈಕಾಲು ತೊಳೆದು ಬಂದು, ಕೋಟನ್ನು ನೆಲಕ್ಕೆ ಹಾಸಿ, ಗೋಡೆಯ ಬದಿಯಲ್ಲಿ ನಮಾಜಿಗೆ ನಿಂತ. ನನಗೆ ಅಂಗಳವೇ ಹಾಯಿಹಡಗಿನಂತೆ ತೊನೆಯುತ್ತಿತ್ತು. ಎಲ್ಲ ಅಲುಗಾಡುತ್ತಿದ್ದಲ್ಲಿ ಅವನೊಬ್ಬನೇ ನೆಟ್ಟಗಿದ್ದ. ಅವನನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಯಾಕೆ ತಿರುಗಿಸಿದೆನೆಂದು ಹೇಳಬೇಕಾದರೆ, ಅಲ್ಲಿಯವರೆಗೆ ಯಾರಿಗೂ ಹೇಳಿರದ ಒಂದು ಸಂಗತಿ ಹೇಳಬೇಕು. ಅದಕ್ಕೆ ಒಂದೂವರೆ ವರ್ಷ ಮೊದಲು ಸ್ಥಾವರದಲ್ಲಿ ದುರಸ್ತಿ ನಡೆದಾಗ, ಯಾವ ಯಾವ ವಾಲ್ವ್ ಮುಚ್ಚಬೇಕೆಂಬ ಪಟ್ಟಿಯನ್ನು ಬರೆದವನು ನಾನು. ಅದರಲ್ಲಿ ಒಂದು ವಾಲ್ವ್ ಬಿಟ್ಟುಹೋಯಿತು. ಸಾಲಿಂನ ತಂಡ ಪಟ್ಟಿಯಲ್ಲಿದ್ದಂತೆಯೇ ಮಾಡಿತು. ಯಂತ್ರ ನಿಂತು ಅರ್ಧ ದಿನ ಸ್ಥಾವರವೇ ಸ್ತಬ್ಧವಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ಪುಣ್ಯ. ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ, "ನನ್ನ ಪಟ್ಟಿ ಸರಿಯಾಗಿತ್ತು. ಅವರು ಹಳೇ ಪ್ರತಿ ನೋಡಿರಬಹುದು" ಎಂದುಬಿಟ್ಟೆ. ಸುಳ್ಳು ಹೇಳಬೇಕೆಂದು ಕೂತವನಲ್ಲ. ಬಾಯಿ ತೆರೆದೆ, ಅದು ಹೊರಬಂತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮಕ್ಕಳ ಶಾಲೆ ಹೋಯಿತು, ಒಂದು ತಿಂಗಳಲ್ಲಿ ಸಂಸಾರ ಸಮೇತ ಖಲಾಸ್ ಎಂಬ ಭಯ. ಸಾಲಿಂ ಈ ನೆಲದವನು, ಅವನನ್ನು ಯಾರು ಎಲ್ಲಿಗೆ ಕಳಿಸುತ್ತಾರೆ ಎಂಬ ಸಮಾಧಾನವನ್ನೂ ನಾನೇ ಹೇಳಿಕೊಂಡೆ. ಅವನನ್ನು ಎಲ್ಲಿಗೂ ಕಳಿಸಲಿಲ್ಲ. ಒಂದು ಎಚ್ಚರಿಕೆಯ ಪತ್ರ ಕೊಟ್ಟರು, ಆ ವರ್ಷ ಬರಬೇಕಿದ್ದ ಬಡ್ತಿ ನಿಲ್ಲಿಸಿದರು. ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಲೋಕದ ಸಕಲ ವಿಷಯಗಳನ್ನೂ ವಿವರಿಸಬಲ್ಲವನು ಆ ಒಂದು ವಿಷಯದ ಹತ್ತಿರ ಬಂದಾಗೆಲ್ಲ ಹವಾಮಾನ ಮಾತಾಡಿದೆ. ಸೂರಿನಲ್ಲಿ ಹವಾಮಾನವೆಂದರೆ ಬಿಸಿಲು ಒಂದೇ. ಅದನ್ನೇ ಒಂದೂವರೆ ವರ್ಷ ಮಾತಾಡಿದೆ.

ಸಾಲಿಂ ನಮಾಜು ಮುಗಿಸಿ ಪಕ್ಕದಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ. ನಾನು ಅಂದೆ: "ಸಾಲಿಂ, ಆ ಪಟ್ಟಿ... ಆ ಪಟ್ಟಿಯಲ್ಲಿ ಒಂದು ವಾಲ್ವ್..."

"ಹನ್ನೊಂದನೇದು" ಎಂದ, ಲೇಸು ಕಟ್ಟುತ್ತಲೇ.

"ನಿನಗೆ ಗೊತ್ತಿತ್ತಾ?"

"ನನ್ನ ಡ್ರಾಯರಲ್ಲೇ ಇದೆ ಆ ಪ್ರತಿ. ನಿನ್ನ ಸಹಿ ಸಮೇತ."

"ಮತ್ತೆ ಯಾಕೆ ತೋರಿಸ್ಲಿಲ್ಲ?"

"ತೋರಿಸ್ಬೇಕು ಅಂತ ತಗೊಂಡು ಹೊರಟಿದ್ದೆ. ಅಪ್ಪ ತಡೆದ್ರು. 'ನಿನಗೆ ಮನೆ ಇದೆ, ಅವನಿಗೆ ವೀಸಾ ಮಾತ್ರ ಇದೆ. ಅವನಾಗೇ ಹೇಳ್ತಾನೆ, ಸ್ವಲ್ಪ ಕಾಯಿ' ಅಂದ್ರು." ಅವನು ಇನ್ನೊಂದು ಬೂಟು ಎತ್ತಿಕೊಂಡ. "ಆರು ತಿಂಗಳು ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ ನನಗೆ. ಆಮೇಲೆ ಅಭ್ಯಾಸ ಆಯ್ತು."

ನಾನು ಅಳತೊಡಗಿದೆ. ಹಲಗೆ ಬಾಗಿಸುವುದನ್ನು ನಾನು ಹೇಳಿಕೊಟ್ಟ ಮುದುಕರು! ಸಾಲಿಂನ ಕೈ ಹಿಡಿದುಕೊಂಡು ಕ್ಷಮೆ ಕೇಳಿದೆ, ಹಿಂದಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ. ಅವನು ಕೈ ಬಿಡಿಸಿಕೊಂಡು ಎದ್ದ.

"ಈಗ ಬೇಡ ಭಾಯ್. ಇದು ನೀನು ಹೇಳ್ತಿರೋದೋ, ನಿನ್ನ ಹೊಟ್ಟೇಲಿರೋದು ಹೇಳ್ತಿರೋದೋ ನನಗೆ ಗೊತ್ತಾಗ್ತಿಲ್ಲ. ನಾಳೆ ಹೇಳು. ಯಲ್ಲಾ, ಏಳು, ವ್ಯಾನ್ ಬಂತು."

ಮರುದಿನ ಬೆಳಿಗ್ಗೆ ಹೋಟೆಲಿನ ತಿಂಡಿಮನೆಯಲ್ಲಿ ನಾವು ಎದುರುಬದುರು ಕೂತೆವು. ನನ್ನ ತಲೆಯೊಳಗೆ ಯಾರೋ ಗಟ್ಟಿ ಅವಲಕ್ಕಿ ಕುಟ್ಟುತ್ತಿದ್ದರು. ಮಾತು ಮಾತ್ರ ನಿಂತಿರಲಿಲ್ಲ. ಮೀನಿನ ಬಗ್ಗೆ ಹೇಳಿದೆ. ಅನ್ನ ಅಂಟುವುದೇಕೆಂದು ಹೇಳಿದೆ. ಕಡ್ಡಿಯಲ್ಲಿ ತಿನ್ನುವುದರ ಲಾಭಗಳನ್ನು, ಕಡ್ಡಿಯಿಂದ ಒಂದಗುಳೂ ಎತ್ತಲಾಗದೆ, ಹೇಳಿದೆ. ಸಾಲಿಂ ತಿಂದು ಮುಗಿಸಿ ಬಾಯಿ ಒರೆಸಿಕೊಂಡ. ಎದ್ದು ಹೋಗುತ್ತಾನೆ, ಬದುಕಿದೆ ಎಂದುಕೊಂಡೆ. ಅವನು ಎದ್ದು ಹೋಗಲಿಲ್ಲ. ಸುಮ್ಮನೆ ಕೂತು ನನ್ನನ್ನೇ ನೋಡಿದ.

ಹಿಂದಿನ ದಿನ ಹನ್ನೆರಡೋ ಹದಿನೆಂಟೋ ಬಟ್ಟಲಿನ ಬಲದಿಂದ ಹೇಳಿದ್ದನ್ನು ಈಗ ಬರಿಯ ನೀರು ಕುಡಿದು ಹೇಳಬೇಕಿತ್ತು. ನನ್ನ ಬದುಕಿನಲ್ಲಿ ಅಷ್ಟು ಚಿಕ್ಕ ಮಾತಿಗೆ ಅಷ್ಟು ಹೊತ್ತು ತೆಗೆದುಕೊಂಡಿಲ್ಲ.

"ಹನ್ನೊಂದನೇ ವಾಲ್ವ್ ಬಿಟ್ಟಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ. ನಿನ್ನ ಬಡ್ತಿ ಹೋಗಿದ್ದು ನನ್ನಿಂದ."

ಸಾಲಿಂ ತಲೆಯಾಡಿಸಿದ. "ಹ್ಞೂಂ. ಈಗ ಕೇಳಿಸ್ತು."

"ಹಾಗಾದ್ರೆ... ಖಲಾಸ್?" ಎಂದೆ, ಆಸೆಯಿಂದ.

"ನನ್ನ ಕಡೆಯಿಂದ ಖಲಾಸ್. ಆದ್ರೆ ನನ್ನ ಫೈಲ್ ಇರೋದು ನನ್ನ ಹತ್ರ ಅಲ್ಲವಲ್ಲ ಭಾಯ್."

ಸೂರಿಗೆ ಹಿಂದಿರುಗಿದ ಮೇಲೆ ಮೂರು ದಿನ ಮ್ಯಾನೇಜರ್ ಕೋಣೆಯ ಮುಂದೆ ಓಡಾಡಿದೆ. ನಾಲ್ಕನೆಯ ದಿನ ಒಳಗೆ ಹೋಗಿ ಬರೆದುಕೊಟ್ಟೆ. ಮ್ಯಾನೇಜರ್ ಮಸ್ಕತ್ತಿನವರು, ಗಂಭೀರ ಮನುಷ್ಯ. ಎರಡು ಸಲ ಓದಿ, "ಈಗ ಯಾಕೆ?" ಎಂದು ಕೇಳಿದರು. ದೇಗುಲ, ಗಂಜಿನೀರು, ಬಟ್ಟಲು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಜೀವನದಲ್ಲಿ ಮೊದಲ ಬಾರಿಗೆ ವಿವರಣೆಯನ್ನು ನುಂಗಿಕೊಂಡು, "ತಡವಾಯಿತು ಸಾರ್" ಎಂದಷ್ಟೇ ಅಂದೆ.

ಎರಡು ವಾರ ನಾನು ಕಂಪನಿಯ ಫೋನು ಸದ್ದು ಮಾಡಿದಾಗೆಲ್ಲ ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟಿದೆ. ವಸುಧಾಳಿಗೆ ಏನೂ ಹೇಳಿರಲಿಲ್ಲ. ಕೊನೆಗೆ ತೀರ್ಮಾನ ಬಂತು. ಸಾಲಿಂ ಫೈಲಿನಿಂದ ಆ ಪತ್ರವನ್ನು ತೆಗೆದುಹಾಕಿದರು. ಮುಂದಿನ ಪಟ್ಟಿಯಲ್ಲಿ ಬಡ್ತಿ ಎಂದರು. ನನ್ನನ್ನು ತೆಗೆಯಲಿಲ್ಲ. ಎರಡು ವರ್ಷ ಬಡ್ತಿ ಇಲ್ಲ ಎಂಬ ಕಟ್ಟುನಿಟ್ಟಿನ ಎಚ್ಚರಿಕೆಯ ಪತ್ರ ಕೊಟ್ಟು ಉಳಿಸಿಕೊಂಡರು.

ಆ ಪತ್ರವನ್ನು ಮನೆಗೆ ತಂದು ವಸುಧಾಳ ಕೈಗಿಟ್ಟು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ ಬಂದು ಕೂತಳು. "ಅವರ ಮನೆಗೆ ಹೋಗಿ ಎಷ್ಟು ಸಲ ಊಟ ಮಾಡಿದೀವಿ ನಾವು, ಈ ಒಂದೂವರೆ ವರ್ಷದಲ್ಲಿ?" ಎಂದು ಕೇಳಿದಳು. ಅವಳಿಗೆ ಬೇಕಾಗಿದ್ದು ಲೆಕ್ಕವಲ್ಲ.

ಆಮೇಲೆ ಪತ್ರವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. "ಏನ್ರೀ, ಇದರಲ್ಲಿ ಸೀತಾರಾಮನ್ ಅಂತಿದೆ."

ನೋಡಿದೆ. ಹೌದು. ಸೀತಾರಾಮ ಎಂಬ ನನ್ನ ಹೆಸರಿಗೆ ಇಂಗ್ಲಿಷಿನಲ್ಲಿ ಕೊನೆಗೊಂದು ಅಕ್ಷರ ಸೇರಿಸಿ ಆಫೀಸಿನವರು ನನ್ನನ್ನು ತಂಜಾವೂರಿನವನನ್ನಾಗಿ ಮಾಡಿದ್ದರು. "ಹೋಗ್ಲಿ ಬಿಡು, ಒಂದಕ್ಷರ ತಾನೆ" ಎಂದೆ. ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಖುಷಿಯೂ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಬಿಡೋದೇನು ಬಿಡೋದು? ನಾಳೇನೇ ಹೋಗಿ ಸರಿ ಮಾಡಿಸ್ಕೊಂಡು ಬನ್ನಿ. ಇಲ್ದಿದ್ರೆ ಇನ್ನೆರಡು ವರ್ಷಕ್ಕೆ ಅದು ಯಾರೋ ಸೀತಾರಾಮನ್ ಅನ್ನೋರ ತಪ್ಪು ಅಂತೀರಿ ನೀವು."

ಮರುದಿನ ಹೋದೆ. ಸಿಬ್ಬಂದಿ ವಿಭಾಗದ ಕಿಟಕಿಯಲ್ಲಿ ಕೂರುತ್ತಿದ್ದವರು ಉಡುಪಿ ಕಡೆಯ ಫೆಲಿಕ್ಸ್. ಪತ್ರ ಓದಿ, ನನ್ನನ್ನು ನೋಡಿ, ಮತ್ತೆ ಪತ್ರ ಓದಿದರು.

"ಅಲ್ಲ ಮಾರಾಯ್ರೆ, ಪ್ರಮೋಷನ್ ಲೆಟರಲ್ಲಿ ಸ್ಪೆಲ್ಲಿಂಗ್ ತಪ್ಪಿದ್ರೆ ಜನ ಓಡಿಕೊಂಡು ಬರ್ತಾರೆ. ವಾರ್ನಿಂಗ್ ಲೆಟರಿಗೆ ಬಂದವ್ರು ನೀವೇ ಫಸ್ಟ್. ಖಂಡಿತ ಸರಿ ಮಾಡ್ಬೇಕಾ?"

"ಮಾಡಿ" ಎಂದೆ.

ಫೆಲಿಕ್ಸ್ ಕಂಪ್ಯೂಟರಿನತ್ತ ತಿರುಗಿ ಆ ಕೊನೆಯ ಅಕ್ಷರವನ್ನು ಅಳಿಸಿ, ಹೊಸದಾಗಿ ಅಚ್ಚು ಹಾಕಿಕೊಟ್ಟರು. ಬೆಚ್ಚಗಿದ್ದ ಆ ಹಾಳೆಯಲ್ಲಿ ಈಗ ತಪ್ಪೂ ನನ್ನದು, ಹೆಸರೂ ನನ್ನದು. ನಾನು ಕಿಟಕಿಯ ಮುಂದೆ ನಿಂತೇ ಸಹಿ ಹಾಕಿದೆ.